ಎರಡು ಪಾಸ್ಕಗಳ ನಡುವೆ ಒಂದು ವ್ಯಾನು

ಶುಕ್ರವಾರದ ನಸುಕು. ಉಮ್ಮ್ ಸಿದ್ರದ ಚರ್ಚಿನ ಹಿಂದಿನ ತಗಡಿನ ಶೆಡ್ಡಿನಲ್ಲಿ ಖಿತಾಮ್ ವ್ಯಾನಿನ ಮುಂಗಾಜಿಗೆ ಕೆಟಲಿನಿಂದ ಬಿಸಿನೀರು ಸುರಿಯುತ್ತಿದ್ದಾರೆ. ಏಪ್ರಿಲ್ ಬಂದರೂ ನಮ್ಮ ಕರಕ್ ಬಯಲಿನ ಚಳಿಗೆ ಹೊರಡುವ ಮನಸ್ಸಿಲ್ಲ. ಗಾಜು ತಿಳಿಯಾದ ಮೇಲೆ ಉಳಿದ ನೀರನ್ನು ಬಾಗಿಲ ಮೇಲಿನ ಲಾಂಛನಕ್ಕೆ ಹನಿಸಿ, ತಲೆವಸ್ತ್ರದ ತುದಿಯಿಂದ ಒರೆಸುತ್ತಾರೆ. ಒಂದು ದೋಣಿ, ಅದರ ಮೇಲೊಂದು ಶಿಲುಬೆ, ಕೆಳಗೆ ಪಾದ್ರಿಗಳನ್ನು ಬಿಟ್ಟರೆ ಊರಿನಲ್ಲಿ ಯಾರಿಗೂ ತಿಳಿಯದ ಭಾಷೆಯ ಅಕ್ಷರ. ವ್ಯಾನು ಕೊಡಿಸಿದ ವಿದೇಶಿ ದತ್ತಿ ಸಂಸ್ಥೆಯ ಗುರುತು ಅದು. ಕೊಟ್ಟವರು ಕೈಬಿಟ್ಟು ಆರು ತಿಂಗಳಾಯಿತು, ಗುರುತಿಗೆ ಮಾತ್ರ ಪ್ರತಿ ಶುಕ್ರವಾರ ಸ್ನಾನ ತಪ್ಪಿಲ್ಲ.

ಇವರ ಬಗ್ಗೆ ಲೇಖನ ಬರೆಯಲೆಂದು ಇವತ್ತು ಜೊತೆಗೆ ಹೊರಟಿದ್ದ ನಾನು, ಇನ್ನೂ ಯಾಕೆ ಒರೆಸುತ್ತೀರಿ ಎಂದು ಕೇಳಿದೆ.

"ಧೂಳು ಕೂತಿದೆಯಲ್ಲ ಮೇಷ್ಟ್ರೇ," ಎಂದರು, ಇದೂ ಒಂದು ಪ್ರಶ್ನೆಯೇ ಎಂಬಂತೆ.

ಕೀಲಿ ತಿರುಗಿಸಿದರೆ ವ್ಯಾನು ಕೆಮ್ಮಿ ಸುಮ್ಮನಾಗುತ್ತದೆ. ಖಿತಾಮ್ ಅದಕ್ಕೆ ಎರಡು ಮಾತು ಬೈದು, ಸ್ಟೀರಿಂಗಿನ ಮೇಲೆ ಶಿಲುಬೆಯ ಗುರುತು ಎಳೆದು ಮತ್ತೆ ತಿರುಗಿಸುತ್ತಾರೆ. ಬೈಗುಳಕ್ಕೋ ಶಿಲುಬೆಗೋ ಗೊತ್ತಿಲ್ಲ, ಎಂಜಿನ್ನು ಗುರುಗುಟ್ಟುತ್ತದೆ. ನಾನು ಮುಂದಿನ ಸೀಟಿಗೆ ಹತ್ತಹೋದರೆ ಹಿಂದೆ ಕೂರಲು ಕೈ ತೋರಿಸಿದರು. ಮುಂದಿನದು ತಿರುವಿನಲ್ಲಿ ವಾಂತಿ ಮಾಡಿಕೊಳ್ಳುವ ಮಕ್ಕಳಿಗೆ ಮೀಸಲಂತೆ. ಈ ಊರಿನ ಧರ್ಮಕೇಂದ್ರದ ಶಾಲೆಯಲ್ಲಿ ನಾನು ಇಷ್ಟು ವರ್ಷ ಚರಿತ್ರೆ ಪಾಠ ಹೇಳಿದ್ದೇನೆ, ಆದರೆ ಆ ಸೀಟಿಗೆ ಬೇಕಾದ ಅರ್ಹತೆ ನನಗಿಲ್ಲ.

ಖಿತಾಮ್‌ಗೆ ಈಗ ಐವತ್ತು ದಾಟಿದೆ. ಬಯಲಿನುದ್ದಕ್ಕೂ ಚದುರಿರುವ ಹಳ್ಳಿಗಳಲ್ಲಿ ಒಂದೊಂದೇ ಕಥೋಲಿಕ ಮನೆ ಉಳಿದಿದೆ. ಆ ಮನೆಗಳ ಮಕ್ಕಳನ್ನು ಶುಕ್ರವಾರ ಶಾಲೆಗೆ ಕರೆತರುವುದು, ಧರ್ಮೋಪದೇಶದ ಪಾಠ ಮುಗಿದ ಮೇಲೆ ಅವರಿಗೆ ಉಣಿಸುವುದು, ಮತ್ತೆ ಮನೆ ಮುಟ್ಟಿಸುವುದು ಇವರ ಕೆಲಸ. ಮೂಗು ಒರೆಸುವುದು, ಜಗಳ ಬಿಡಿಸುವುದು, ಪ್ರಥಮ ಪರಮಪ್ರಸಾದಕ್ಕೆ ಸಿದ್ಧವಾಗುವವರಿಂದ ದಾರಿಯಲ್ಲೇ ಪ್ರಾರ್ಥನೆ ಒಪ್ಪಿಸಿಕೊಳ್ಳುವುದು ಇದರ ಜೊತೆಗೆ ಬರುವ ಬಿಟ್ಟಿ ಚಾಕರಿ. ಒಂದು ಕಾಲಕ್ಕೆ ಎರಡು ಸುತ್ತು ಹೊಡೆಯಬೇಕಿತ್ತು, ಎರಡನೇ ಸುತ್ತಿನಲ್ಲೂ ಮಕ್ಕಳು ನಿಂತೇ ಬರುತ್ತಿದ್ದರು. ಈಗ ಒಂದೇ ಸುತ್ತು. ಹನ್ನೊಂದು ಮಕ್ಕಳು, ಖಾಲಿ ಸೀಟುಗಳ ಮೇಲೆ ಅವರ ಚೀಲ.

ಇವತ್ತು ಮಕ್ಕಳ ಮಾತೆಲ್ಲ ನಾಡಿದ್ದಿನ ಗರಿಗಳ ಭಾನುವಾರದ್ದು. ಪಾಸ್ಕಕ್ಕೆ, ಅಂದರೆ ಈಸ್ಟರಿಗೆ, ಒಂದು ವಾರ ಮುಂಚೆ ಬರುವ ಹಬ್ಬ ಅದು. ಆಲಿವ್ ಕೊಂಬೆಗೆ ಯಾರು ಎಷ್ಟು ಹೂ ಕಟ್ಟಿದ್ದಾರೆ, ಯಾರ ಮೇಣದಬತ್ತಿ ಉದ್ದ ಎಂಬ ಬಗ್ಗೆ ಭಾರೀ ವ್ಯಾಜ್ಯ ನಡೆದಿದೆ. ರನೀಮ್ ಎಂಬ ಎಂಟು ವರ್ಷದವಳು ತನ್ನದು ತನಗಿಂತ ಎತ್ತರ ಎನ್ನುತ್ತಾಳೆ. ಎಲ್ಲರಿಗೂ ಖಿತಾಮ್ 'ಖಾಲ್ತೋ', ಚಿಕ್ಕಮ್ಮ. ಚಿಕ್ಕಮ್ಮನ ಕಿವಿ ಮಾತ್ರ ಇವತ್ತು ಇಲ್ಲಿಲ್ಲ. ಓಡಿಸುತ್ತ ತುಟಿಯಲ್ಲೇ ಏನೋ ಗುನುಗುತ್ತಿದ್ದಾರೆ, ಅದೇ ನಾಲ್ಕು ಸದ್ದು ಮತ್ತೆ ಮತ್ತೆ. ನಾನು ಮುಂದಕ್ಕೆ ಬಗ್ಗಿದೊಡನೆ ನಿಲ್ಲಿಸಿಬಿಡುತ್ತಾರೆ. ಪ್ರಾರ್ಥನೆಯೇ ಎಂದು ಕೇಳಿದ್ದಕ್ಕೆ, ಅಲ್ಲ, ಪಾಠ ಎಂದರು. ಯಾವ ಪಾಠವೆಂದು ಹೇಳಲಿಲ್ಲ.

ಖಿತಾಮ್ ಎಂದರೆ ಮುಕ್ತಾಯ. ಐದು ಹೆಣ್ಣಿನ ಮೇಲೆ ಆರನೆಯದೂ ಹೆಣ್ಣಾದಾಗ, ಇನ್ನು ಸಾಕಪ್ಪ ದೇವರೇ ಎಂದು ನಮ್ಮ ಕಡೆ ಇಡುವ ಹೆಸರು. ದೇವರು ಮಾತು ಕೇಳಿದ. ಆಮೇಲೆ ಆ ಮನೆಯಲ್ಲಿ ಹೆಣ್ಣೂ ಹುಟ್ಟಲಿಲ್ಲ, ಗಂಡೂ ಹುಟ್ಟಲಿಲ್ಲ. ಅಪ್ಪ ಮಿತ್ರಿ ಪಿಕಪ್ಪಿನಲ್ಲಿ ಗೋಧಿ ಸಾಗಿಸುತ್ತಿದ್ದ. ಅವನ ಕಣ್ಣಿಗೆ ಪೊರೆ ಬಂದಾಗ ಕೊನೆಯ ಮಗಳು ಸ್ಟೀರಿಂಗು ಹಿಡಿದಳು, ಅಪ್ಪ ಪಕ್ಕದಲ್ಲಿ ಕೂತು ದಾರಿ ಹೇಳಿದ. ಹೆದ್ದಾರಿಯ ಪೊಲೀಸರು ಮಿತ್ರಿಗೆ ಸಲಾಂ ಹೊಡೆದು, ಓಡಿಸುತ್ತಿರುವವಳನ್ನು ಕಂಡೂ ಕಾಣದವರ ಹಾಗೆ ಬಿಡುತ್ತಿದ್ದರಂತೆ. ಅಕ್ಕಂದಿರು ಮದುವೆಯಾಗಿ ಜರ್ಕಾ, ಅಮ್ಮಾನ್, ಸಿಡ್ನಿ ಎಂದು ಹೊರಟುಹೋದರು. ಇವರನ್ನು ಕೇಳಿಕೊಂಡು ಬಂದವರೂ ಇದ್ದರು.

"ಅಪ್ಪನ ಕಣ್ಣು ನಾನೇ ಆಗಿದ್ದೆ. ಕಣ್ಣನ್ನ ಯಾರಾದ್ರೂ ಮದ್ವೆ ಮಾಡಿ ಕಳಿಸ್ತಾರಾ?" ಎಂದು ನಗುತ್ತಾರೆ.

ಅಪ್ಪ ಹೋಗಿ ಬಹಳ ವರ್ಷವಾಯಿತು. ಮನೆಯಲ್ಲಿ ಈಗ ಇವರು, ಹಿತ್ತಿಲಲ್ಲಿ ಒಂದಷ್ಟು ಕುರಿ. ನಮ್ಮಲ್ಲಿ ಪಾಸ್ಕ ಹಬ್ಬದ ಬೆಳಿಗ್ಗೆ ಗಂಡಸರು ಮೊದಲು ಅಕ್ಕತಂಗಿಯರ ಮನೆಗೆ ಹೋಗಿ ಕೈಗೆ ಉಡುಗೊರೆ ಇಟ್ಟು ಕಾಫಿ ಕುಡಿಯಬೇಕು. ಆಮೇಲೇ ಬೇರೆ ಕಡೆ. ಅಣ್ಣತಮ್ಮಂದಿರಿಲ್ಲದ ಮನೆಗೆ ಆ ಹೊತ್ತಿನಲ್ಲಿ ಬರುವವರು ಯಾರು? ಆದರೂ ಖಿತಾಮ್ ಪ್ರತಿ ಹಬ್ಬಕ್ಕೂ ಕಾಫಿ ಹುರಿದು, ಕುಟ್ಟಿ, ಕುದಿಸಿ ಇಡುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಅದನ್ನು ಅಂಗಳದ ಅಂಜೂರದ ಬುಡಕ್ಕೆ ಸುರಿಯುತ್ತಾರೆ. ಈ ಬೀದಿಯಲ್ಲಿ ನಾವೆಲ್ಲ ಅದನ್ನು ನೋಡಿದ್ದೇವೆ. ಮರ ಚೆನ್ನಾಗಿ ಕಾಯಿ ಬಿಡುತ್ತಿದೆ ಎಂದು ತಮಾಷೆ ಮಾಡಿದ್ದೇವೆ.

ವ್ಯಾನು ಬಂದದ್ದು ಹಿಂದಿನ ಪಾದ್ರಿಗಳ ಕಾಲದಲ್ಲಿ, ಅನುದಾನದಿಂದ. ಅದರ ಜೊತೆಗೆ ಪ್ರತಿ ವರ್ಷ ಡೀಸೆಲ್ಲಿಗೆ, ಟೈರಿಗೆ, ಮಕ್ಕಳ ಪುಸ್ತಕಕ್ಕೆ, ಬೇಸಿಗೆ ಶಿಬಿರಕ್ಕೆ, ಅಮ್ಮಾನಿನಿಂದ ಬರುವ ಹಾಡಿನ ಮೇಡಂಗೆ ದುಡ್ಡು ಬರುತ್ತಿತ್ತು. ಅನುದಾನ ನಮ್ಮೂರಿಗೆ ದೂರದ ಸೋದರಮಾವನ ಹಾಗೆ ಇತ್ತು. ಮುಖ ಕಂಡವರಿಲ್ಲ, ವರ್ಷಕ್ಕೊಮ್ಮೆ ಕೈಬಿಡದೆ ನೋಡಿಕೊಳ್ಳುತ್ತಿತ್ತು. ಆದರೆ ಮಾವನಿಗೂ ಒಂದು ಆಸೆ ಇರುತ್ತದಲ್ಲ, ಕೊಟ್ಟದ್ದು ಏನಾಯಿತೆಂದು ನೋಡುವ ಆಸೆ. ಇಲ್ಲಿ ಒಂದೊಂದೇ ಸಂಸಾರ ಅಮ್ಮಾನಿಗೆ ಗಂಟು ಕಟ್ಟುತ್ತಿತ್ತು, ಮಕ್ಕಳು ಕಮ್ಮಿಯಾಗುತ್ತಿದ್ದರು. ಹಾಗಾಗಿ ಆಸೆ ಸ್ವಲ್ಪ ಅನುಮಾನಕ್ಕೂ ತಿರುಗಿತ್ತು.

ಹೋದ ವರ್ಷ ಉಪವಾಸದ ತಪಸ್ಸುಕಾಲ ಹತ್ತಿರ ಬಂದಿದ್ದಾಗ ಚರ್ಚಿನ ಕಚೇರಿಯ ಫೋನು ಬಡಿದುಕೊಂಡಿತು. ನಮ್ಮ ಪಾದ್ರಿ ಅಬೂನಾ ಇಮಾದ್ ಪಕ್ಕದೂರಿಗೆ ಮಣ್ಣಿಗೆ ಹೋಗಿದ್ದರು. ನೆಲ ಒರೆಸುತ್ತಿದ್ದ ಖಿತಾಮ್ ಎತ್ತಿಕೊಂಡರು. ದತ್ತಿ ಸಂಸ್ಥೆಯ ಅಮ್ಮಾನ್ ಕಚೇರಿಯವನು. ಅವನೂ ವಿದೇಶದವನೇ, ಅರಬ್ಬಿಯನ್ನು ಪುಸ್ತಕದಲ್ಲಿ ಕಲಿತವನು. ಅನುದಾನ ಮಂಜೂರು ಮಾಡುವ ಸಮಿತಿಯ ವಯಸ್ಸಾದ ಗಂಡ ಹೆಂಡತಿ ಆಸ್ಟ್ರಿಯಾದಿಂದ ಬರುವವರಿದ್ದಾರೆ, ಮಕ್ಕಳ ಕಾರ್ಯಕ್ರಮ ನೋಡಬೇಕಂತೆ, ಯಾವಾಗ ಬಂದರೆ ಚೆಂದ ಎಂದು ಕೇಳಿದ. ಖಿತಾಮ್ ಹಿಂದೆಮುಂದೆ ನೋಡಲಿಲ್ಲ, ಪಾಸ್ಕ ಹಬ್ಬಕ್ಕೇ ಬನ್ನಿ ಎಂದರು. ಅವನು ತನ್ನ ಗೋಡೆಯ ಕ್ಯಾಲೆಂಡರು ನೋಡಿಕೊಂಡು, ಸರಿ ಎಂದ.

ಇದು ನಮ್ಮಂಥವರು ಮಾತ್ರ ಮಾಡಬಲ್ಲ ತಪ್ಪು. ನಾವು ರೋಮಿನ ಸಭೆಯವರು, ಕ್ರಿಸ್ಮಸ್ಸನ್ನು ಲೋಕದ ಜೊತೆಗೇ ಮಾಡುತ್ತೇವೆ. ಕ್ರಿಸ್ತ ಸಾವಿನಿಂದೆದ್ದ ಪಾಸ್ಕವನ್ನು ಮಾತ್ರ ಪಕ್ಕದ ಮನೆಯ ಆರ್ಥೊಡಾಕ್ಸರ ಜೊತೆ, ಅವರ ಹಳೆಯ ಲೆಕ್ಕದಂತೆ ಮಾಡುತ್ತೇವೆ. ಒಂದೇ ಅಡುಗೆಮನೆಯಲ್ಲಿ ಅತ್ತೆಗೆ ಉಪವಾಸ, ಸೊಸೆಗೆ ಹಬ್ಬ ಆಗಬಾರದೆಂದು ಹಿರಿಯರು ಮಾಡಿಕೊಂಡ ಏರ್ಪಾಡು. ಕೆಲವು ವರ್ಷ ನಮ್ಮ ಹಬ್ಬವೂ ಲೋಕದ ಹಬ್ಬವೂ ಒಂದೇ ದಿನ ಬೀಳುತ್ತವೆ, ಕೆಲವು ವರ್ಷ ನಮ್ಮದು ಒಂದು ವಾರ ತಡ. ಹೋದ ವರ್ಷ ಐದು ವಾರ ತಡವಾಗಿತ್ತು.

ಅತಿಥಿಗಳು ತಮ್ಮ ಪಾಸ್ಕದ ಹಿಂದಿನ ದಿನ ಬಂದಿಳಿದರು. ಗಂಡ ಆಲೋಯಿಸ್, ಉದ್ದನೆಯ ಮನುಷ್ಯ, ಕೊರಳಲ್ಲಿ ಕ್ಯಾಮೆರಾ. ಹೆಂಡತಿ ಹೆಡ್ವಿಗ್, ಗಿಡ್ಡ, ಮಂಡಿನೋವು, ತೊಡೆಯ ಮೇಲೆ ಚಾಕೊಲೇಟ್ ಮೊಟ್ಟೆಗಳ ದೊಡ್ಡ ಡಬ್ಬಿ. ನಮ್ಮಲ್ಲಿ ಉಪವಾಸದ ಎರಡನೇ ವಾರ. ಬಲಿಪೀಠಕ್ಕೆ ನೇರಳೆ ಬಟ್ಟೆ ಬಿಟ್ಟರೆ ಒಂದು ಹೂವಿಲ್ಲ. ಮಕ್ಕಳು ಹಾಲು, ಮೊಟ್ಟೆ, ಮಾಂಸ ಮುಟ್ಟುವ ಹಾಗಿಲ್ಲ. ಡಬ್ಬಿ ನೋಡಿದ ಅಬೂನಾ ಮುಖ ಚಿಕ್ಕದಾಯಿತು.

ಸಂಜೆ ಅಬೂನಾ ಶೆಡ್ಡಿಗೆ ಬಂದು, ನಾಳೆ ಮಕ್ಕಳನ್ನು ಹೊಸ ಬಟ್ಟೆ ಹಾಕಿಸಿ ಕರೆತರಲು ಹೇಳಿದರು. ಎರಡು ಮೇಣದಬತ್ತಿ ಹಚ್ಚೋಣ, ಕ್ರಿಸ್ತ ಎದ್ದಿದ್ದಾನೆ ಎಂದು ಒಂದು ಹಾಡು ಹಾಡಿಸೋಣ, ಅವರೂ ದೂರದಿಂದ ಬಂದಿದ್ದಾರೆ ಎಂದರು. ಅವರ ಹುಟ್ಟೂರು ಬೆತ್ ಜಾಲಾ, ಅಲ್ಲಿನವರು ಲೋಕದ ಜೊತೆಗೇ ಪಾಸ್ಕ ಮಾಡುವವರು. ನಾಳೆ ನನ್ನ ತಾಯಿ ಹಬ್ಬದ ಅಡುಗೆ ಮಾಡುತ್ತಾಳೆ, ಇದೇನು ಸುಳ್ಳಲ್ಲ ಎಂದು ಸೇರಿಸಿದರು. ಅನುದಾನ ನಿಂತರೆ ವ್ಯಾನು ನಿಲ್ಲುತ್ತದೆ ಎಂದು ಬಾಯಿಬಿಟ್ಟು ಹೇಳಲಿಲ್ಲ, ವ್ಯಾನಿನ ಮೇಲೆ ಕೈ ಇಟ್ಟುಕೊಂಡೇ ನಿಂತಿದ್ದರು.

"ನಿಮ್ಮೂರಲ್ಲಿ ಎದ್ದಿರ್ಬಹುದು ಅಬೂನಾ. ಇಲ್ಲಿ ಇನ್ನೂ ಸತ್ತೇ ಇಲ್ಲ. ಸಾಯದೇ ಇರೋನ್ನ ಹೆಂಗೆ ಎಬ್ಬಿಸೋದು?" ಎಂದರಂತೆ ಖಿತಾಮ್. ಅಬೂನಾಗೆ ನಗು ತಡೆಯಲಾಗಲಿಲ್ಲ. ಆಮೇಲೆ ಖಿತಾಮ್ ನಗದೆ ಹೇಳಿದರು: "ಕಾಯ್ಬೇಕು ಅಂತ ಮಕ್ಕಳಿಗೆ ಹೇಳ್ಕೊಟ್ಟಿರೋರು ನಾವೇ. ಚಾಕೊಲೇಟ್ ಡಬ್ಬಿ ಬಂದ ತಕ್ಷಣ ಹಬ್ಬಾನೂ ಬಂತು ಅಂದ್ರೆ, ಇನ್ಮೇಲೆ ನಮ್ಮ ಯಾವ ಮಾತು ನಂಬ್ತಾವೆ?"

ಅಬೂನಾ ವ್ಯಾನಿನಿಂದ ಕೈ ತೆಗೆದು, ನಿನ್ನಿಷ್ಟ ಎಂದು ಹೊರಟುಹೋದರು.

ಹೀಗೆ ಆಸ್ಟ್ರಿಯಾದ ದಂಪತಿ ತಮ್ಮ ಜೀವಮಾನದ ಅತ್ಯಂತ ಸಪ್ಪೆ ಪಾಸ್ಕವನ್ನು ಉಮ್ಮ್ ಸಿದ್ರದಲ್ಲಿ ಕಳೆದರು. ಮಕ್ಕಳು ದಿನದ ಬಟ್ಟೆಯಲ್ಲಿ ಬಂದು, ಮರದ ಶಿಲುಬೆ ಹೊತ್ತು, ಶೋಕದ ಹಾಡು ಹಾಡಿ, ಶಾಲೆಯ ಅಂಗಳದಲ್ಲಿ ಬೇಳೆ ಅನ್ನ ತಿಂದರು. ಅಬೂನಾ ಅತಿಥಿಗಳಿಗೆ ಅವರ ಭಾಷೆಯಲ್ಲೇ ಪಂಚಾಂಗದ ಸಂಗತಿಯನ್ನೆಲ್ಲ ವಿವರಿಸಿದರು. ಆಲೋಯಿಸ್ ಮರ್ಯಾದೆಯಿಂದ ತಲೆಯಾಡಿಸಿ ಫೋಟೋ ತೆಗೆದರು. ಚಾಕೊಲೇಟ್ ಡಬ್ಬಿ ನಮ್ಮ ತರಗತಿಯ ಬೀರುವಿನ ಮೇಲೆ ಐದು ವಾರ ಕೂತಿತ್ತು. ಅದನ್ನು ನೋಡಿಕೊಂಡು ಪಾಠ ಕೇಳಿದ ಮಕ್ಕಳು ಒಂದನ್ನೂ ಕದಿಯಲಿಲ್ಲ. ನಮ್ಮ ಹಬ್ಬದ ದಿನ ತೆಗೆದಾಗ ಮೊಟ್ಟೆಗಳೆಲ್ಲ ಬಿಳಿಚಿಕೊಂಡಿದ್ದವು, ಆದರೂ ಒಂದೂ ಉಳಿಯಲಿಲ್ಲ.

ಅತಿಥಿಗಳು ಬಂದಿದ್ದ ಆ ದಿನ ಮಕ್ಕಳನ್ನು ಮನೆಗೆ ಬಿಡಲು ಹೊರಟಾಗ ಹೆಡ್ವಿಗ್ ತಾನೂ ಬರುತ್ತೇನೆಂದು ಮುಂದಿನ ಸೀಟು ಹತ್ತಿ ಕೂತರು. ಒಬ್ಬರ ಮಾತು ಇನ್ನೊಬ್ಬರಿಗೆ ಬಾರದು. ಮಕ್ಕಳು ಕರೆಯುವುದನ್ನು ಕೇಳಿ ಅದೇ ಹೆಸರೆಂದುಕೊಂಡು ಅವರೂ ಖಾಲ್ತೋ ಎಂದೇ ಕರೆದರು. ಹಿಂದಿರುಗುವ ದಾರಿಯಲ್ಲಿ ಎದೆಯ ಮೇಲೆ ಕೈ ಇಟ್ಟು ತಮ್ಮ ಭಾಷೆಯಲ್ಲಿ ಏನೋ ಹೇಳಿದರು. ಹಬ್ಬದ ಮಾತೇ ಇರಬೇಕೆಂದು ಖಿತಾಮ್‌ಗೆ ಹೊಳೆಯಿತು. ಕೆನ್ನೆಗೆ ಅಂಗೈ ಆನಿಸಿ, ಇಲ್ಲಿ ಕ್ರಿಸ್ತ ಇನ್ನೂ ಮಲಗಬೇಕಷ್ಟೇ ಎಂದು ಸನ್ನೆ ಮಾಡಿ, ಐದು ವಾರವೆಂದು ಐದು ಬೆರಳು ತೋರಿಸಿದರು. ಹೆಡ್ವಿಗ್ ಜೋರಾಗಿ ನಕ್ಕು ತಾವೂ ಕೆನ್ನೆಗೆ ಅಂಗೈ ಆನಿಸಿಕೊಂಡರು.

"ಅವತ್ತೊಂದಿನ ವಾಪಸ್ ಬರೋವಾಗ ನನ್ನ ಪಕ್ಕ ಒಬ್ರು ಇದ್ರು," ಎನ್ನುತ್ತಾರೆ ಖಿತಾಮ್. "ಬರೋವಾಗ ಮಕ್ಕಳು ಒಂದೊಂದೇ ಸೇರ್ತಾವೆ ಮೇಷ್ಟ್ರೇ, ಹೋಗೋವಾಗ ಒಂದೊಂದೇ ಇಳೀತಾವೆ. ಕೊನೇ ಮಗು ಬೀರ್ ಹಮಾಮ್‌ನಲ್ಲಿ ಇಳಿದ್ಮೇಲೆ ವ್ಯಾನಿನ ಸದ್ದು ಜಾಸ್ತಿ ಆಗುತ್ತೆ. ಅಲ್ಲಿಂದ ಮನೆ ಸೇರೋ ತನಕ ನಾನು ಕನ್ನಡೀನೇ ನೋಡಲ್ಲ."

ಅಕ್ಟೋಬರಿನಲ್ಲಿ ಅಮ್ಮಾನ್ ಕಚೇರಿಯಿಂದ ಅಬೂನಾಗೆ ಸುದ್ದಿ ಬಂತು. ಮಕ್ಕಳ ಸಂಖ್ಯೆ ಇಳಿದಿದೆ, ಕಾರ್ಯಕ್ರಮದಲ್ಲಿ ಲವಲವಿಕೆ ಕಾಣಲಿಲ್ಲ, ಈ ವರ್ಷಕ್ಕೆ ಅನುದಾನವಿಲ್ಲ. ಸಂಖ್ಯೆಯೇ ಮುಖ್ಯ ಕಾರಣ, ನೀನು ಮನಸ್ಸಿಗೆ ಹಚ್ಚಿಕೊಳ್ಳಬೇಡ ಎಂದು ಅಬೂನಾ ಎಷ್ಟು ಹೇಳಿದರೂ ಖಿತಾಮ್ ನಂಬಿಲ್ಲ. ಫೋನಿನಲ್ಲಿ ಕರೆದವಳೂ ನಾನೇ, ಹಾಡು ತಡೆದವಳೂ ನಾನೇ ಎಂಬುದು ಅವರ ವಾದ. ಊರು ನೇರವಾಗಿ ಬೈಯಲಿಲ್ಲ, ಅಷ್ಟು ಒಳ್ಳೆಯತನ ಇದೆ. ಆದರೆ ಅಂಗಡಿಯ ಅಬೂ ಘಾಲಿಬ್ ಪ್ರತಿ ಸಲವೂ, ಈ ವರ್ಷ ಎಷ್ಟು ಹಬ್ಬ ಖಿತಾಮ್, ಎಂದು ಕೇಳದೆ ಸಾಮಾನು ಕಟ್ಟಿಕೊಡುವುದಿಲ್ಲ. ಖಿತಾಮ್ ಈಗ ಉಪ್ಪು ಸಕ್ಕರೆಗೂ ಪಕ್ಕದೂರಿನ ಅಂಗಡಿಗೆ ಹೋಗುತ್ತಾರೆ. ನನಗೆ ಆ ಅಂಗಡಿಯವನ ಮೇಲೆ ಕೆಟ್ಟ ಸಿಟ್ಟಿದೆ, ಅದನ್ನು ಇಲ್ಲಿ ಬರೆದೇ ತೀರಿಸಿಕೊಳ್ಳುತ್ತಿದ್ದೇನೆ.

ಅಕ್ಟೋಬರಿನಿಂದ ವ್ಯಾನು ಓಡುತ್ತಿರುವುದು ಜಮೀದಿನ ಬಲದ ಮೇಲೆ. ಕುರಿಯ ಮಜ್ಜಿಗೆಯನ್ನು ಕುದಿಸಿ, ಸೋಸಿ, ಉಪ್ಪು ಹಾಕಿ, ಉಂಡೆ ಕಟ್ಟಿ ಬಿಸಿಲಿಗೆ ಒಣಗಿಸಿದ ಜಮೀದಿಗೆ ಕರಕ್ ಪೇಟೆಯಲ್ಲಿ ಯಾವಾಗಲೂ ಗಿರಾಕಿ ಇದೆ. ಕುರಿಗಳು ಕೈತುಂಬ ಹಾಲು ಕೊಡುವುದು ಸರಿಯಾಗಿ ಈ ಉಪವಾಸದ ದಿನಗಳಲ್ಲೇ. ಖಿತಾಮ್‌ಗೆ ಮೊಣಕೈವರೆಗೂ ಮೊಸರು, ನಾಲಿಗೆಗೆ ಒಂದು ಹನಿ ಇಲ್ಲ. ಉಂಡೆ ಮಾರಿದ ದುಡ್ಡು ಡೀಸೆಲ್ಲಿಗೆ ಸಾಕಾಗುತ್ತದೆ, ಟೈರಿಗೆ ಸಾಲದು. ಹಬ್ಬ ಮುಗಿದ ಮೇಲೆ ವ್ಯಾನನ್ನು ಮಕ್ಕಳು ಹೆಚ್ಚಿರುವ ಬೇರೊಂದು ಧರ್ಮಕೇಂದ್ರಕ್ಕೆ ಕೊಟ್ಟುಬಿಡುವ ಮಾತು ನಡೆದಿದೆ. ಅಬೂನಾ ಇನ್ನೂ ಹೂಂ ಅಂದಿಲ್ಲ, ಉಹೂಂ ಎನ್ನಲು ಅವರ ಬಳಿ ಕಾರಣವೂ ಇಲ್ಲ. ವ್ಯಾನು ಹೋದರೆ ಶುಕ್ರವಾರ ಏನು ಮಾಡುತ್ತೀರಿ ಎಂದು ಕೇಳಿದೆ. ಖಿತಾಮ್ ಗೇರು ಬದಲಿಸಿದರು.

ಭಾನುವಾರ ಗರಿಗಳ ಹಬ್ಬ. ಮಕ್ಕಳು ಹೂ ಕಟ್ಟಿದ ಆಲಿವ್ ಕೊಂಬೆ, ಮೇಣದಬತ್ತಿ ಹಿಡಿದು ಚರ್ಚಿಗೆ ಸುತ್ತು ಬಂದರು. ರನೀಮಳ ಬತ್ತಿ ನಿಜಕ್ಕೂ ಅವಳಿಗಿಂತ ಎತ್ತರವಿತ್ತು, ಅವಳಪ್ಪನೇ ಅದನ್ನು ಹೊರಬೇಕಾಯಿತು. ಈ ವರ್ಷ ನಮ್ಮದು ಲೋಕಕ್ಕಿಂತ ಒಂದೇ ವಾರ ತಡ. ನಮಗೆ ಗರಿಗಳ ಭಾನುವಾರವಾದ ಈ ದಿನವೇ ಆಸ್ಟ್ರಿಯಾದಲ್ಲಿ ಪಾಸ್ಕ.

ಬಲಿಪೂಜೆ ಮುಗಿದ ಮೇಲೆ ಕಚೇರಿಯಲ್ಲಿ ಅಬೂನಾ ಮತ್ತು ನಾನು ಕೂತಿದ್ದೆವು. ಖಿತಾಮ್ ಬಂದು, ಆಸ್ಟ್ರಿಯಾಕ್ಕೆ ಫೋನು ಹಚ್ಚಿಕೊಡಿ ಎಂದರು. ಅಬೂನಾ ಮುಖ ಅರಳಿತು. ಆಲೋಯಿಸ್ ಚಳಿಗಾಲದಲ್ಲಿ ತೀರಿಕೊಂಡಿದ್ದರು, ಅವರ ಆತ್ಮಕ್ಕಾಗಿ ನಮ್ಮಲ್ಲೂ ಪೂಜೆ ಇಟ್ಟಿತ್ತು. ಆದರೆ ಹೆಡ್ವಿಗ್ ಈಗಲೂ ಸಮಿತಿಯಲ್ಲಿದ್ದಾರೆ. ವ್ಯಾನಿನ ವಿಷಯ ತೆಗೆಯಲು ಇದಕ್ಕಿಂತ ಒಳ್ಳೆಯ ದಿನ ಯಾವುದು? ನೀನು ಕೇಳು, ನಾನು ಭಾಷಾಂತರ ಮಾಡುತ್ತೇನೆ ಎಂದು ಅಬೂನಾ ಉತ್ಸಾಹದಿಂದ ಕುರ್ಚಿ ಎಳೆದುಕೊಂಡರು.

"ಕೇಳೋದೇನಿಲ್ಲ. ಅವರಿಗೆ ಮಕ್ಕಳಿಲ್ವಂತೆ. ಇವತ್ತು 'ಎದ್ದಿದ್ದಾನೆ' ಅಂತ ಹೇಳೋಕೆ ಮನೇಲಿ ಯಾರಿರ್ತಾರೆ?"

ಅಬೂನಾ ಗೊಂದಲದಿಂದ ನೋಡಿದರು. ಹೋದ ವರ್ಷ ಮಕ್ಕಳ ಬಾಯಲ್ಲಿ ಇದೇ ಮಾತು ಹೇಳಿಸಲು ಒಪ್ಪದವಳು ನೀನೇ ಅಲ್ಲವೇ ಎಂದು ಕೇಳಿದರು. ನಮ್ಮ ಉಪವಾಸ ಇನ್ನೂ ಮುಗಿದಿಲ್ಲ ಎಂದು ನೆನಪು ಮಾಡಿದರು.

"ನಮ್ಮಲ್ಲಿ ಇನ್ನೂ ಒಂದು ವಾರ ಇದೆ, ನಾನು ಕಾಯ್ತೀನಿ. ಅವರಲ್ಲಿ ಎದ್ದಾಯ್ತಲ್ಲ ಅಬೂನಾ. ಒಂಟಿ ಮನೇಲಿ ಹಬ್ಬದ ಕಾಫಿ ಎಷ್ಟು ಬೇಗ ಆರುತ್ತೆ ಅಂತ ನಂಗೊತ್ತು."

ಅಬೂನಾ ನಂಬರು ಒತ್ತಿದರು. ಆ ಕಡೆ ಬಹಳ ಹೊತ್ತು ಬಡಿದುಕೊಂಡ ಮೇಲೆ ಯಾರೋ ಎತ್ತಿದರು. ಖಿತಾಮ್ ಫೋನನ್ನು ಎರಡು ಕೈಯಲ್ಲಿ ಹಿಡಿದು, ಕಣ್ಣು ಮುಚ್ಚಿ, ಶುಕ್ರವಾರ ವ್ಯಾನಿನಲ್ಲಿ ಗುನುಗುತ್ತಿದ್ದ ಆ ನಾಲ್ಕು ಸದ್ದನ್ನು ಒಂದೊಂದಾಗಿ ಹೇಳಿದರು. ಕ್ರಿಸ್ತ ಎದ್ದಿದ್ದಾನೆ, ಆಸ್ಟ್ರಿಯಾದವರ ಭಾಷೆಯಲ್ಲಿ. ಅಬೂನಾರಿಂದ ಅದನ್ನು ಯಾವತ್ತೋ ಕೇಳಿ ಕಲಿತಿದ್ದರಂತೆ. ಯಾಕೆಂದು ಆಗ ಅವರೂ ಕೇಳಿರಲಿಲ್ಲ.

ಅಬೂನಾ ಮೇಜಿನ ಆಚೆಯಿಂದ ಎರಡೂ ಕೈಯಲ್ಲಿ ಸ್ಟೀರಿಂಗು ತಿರುಗಿಸಿದ ಹಾಗೆ ಸನ್ನೆ ಮಾಡಿದರು, ವ್ಯಾನಿನ ಮಾತು ತೆಗೆ ಎಂದು. ಖಿತಾಮ್ ಅವರಿಗೆ ಬೆನ್ನು ಹಾಕಿ ಗೋಡೆಗೆ ಮುಖ ಮಾಡಿ ನಿಂತರು. ಆಗ ಫೋನಿನಿಂದ ಮುದಿ ದನಿಯೊಂದು ನಮಗೂ ಕೇಳುವಷ್ಟು ಜೋರಾಗಿ ಬಂತು.

"ಖಾಲ್ತೋ?"

ಆಮೇಲೆ ಆ ದನಿ ತನ್ನ ಭಾಷೆಯಲ್ಲಿ ಹಬ್ಬದ ಮರುನುಡಿಯನ್ನು ಹೇಳಿ, ಅಳತೊಡಗಿತು. ಖಿತಾಮ್‌ಗೆ ಒಂದು ಪದವೂ ತಿಳಿಯುತ್ತಿರಲಿಲ್ಲ. ಹೂಂ, ಹೂಂ ಎನ್ನುತ್ತ ಅಳು ಮುಗಿಯುವವರೆಗೂ ನಿಂತೇ ಇದ್ದರು. ಅಬೂನಾ ಎದ್ದು ಕಿಟಕಿಯ ಬಳಿ ಹೋಗಿ ಕನ್ನಡಕ ಒರೆಸಿಕೊಂಡರು. ಫೋನಿಟ್ಟ ಮೇಲೆ ಯಾರೂ ವ್ಯಾನಿನ ಮಾತೆತ್ತಲಿಲ್ಲ.

ಲೇಖನಕ್ಕೆಂದು ಕೊನೆಗೊಂದು ಪ್ರಶ್ನೆ ಕೇಳಬೇಕಿತ್ತು. ಶೆಡ್ಡಿನ ಬಾಗಿಲಲ್ಲಿ ನಿಂತು, ನಿಮಗೆ ಏನಾಗಬೇಕೆಂದು ಆಸೆ ಇದೆ ಎಂದು ಕೇಳಿದೆ. ಅನುದಾನ ಮತ್ತೆ ಬರಲಿ ಎನ್ನುತ್ತಾರೆಂದುಕೊಂಡಿದ್ದೆ. ಖಿತಾಮ್ ಮುಂದಿನ ಸೀಟಿನ ಮೇಲೆ ಯಾರೋ ಮಗು ಬಿಟ್ಟುಹೋಗಿದ್ದ ಆಲಿವ್ ಎಲೆಗಳನ್ನು ಗುಡಿಸುತ್ತಿದ್ದರು.

"ಮುಂದಿನ ವರ್ಷ ಎರಡು ಹಬ್ಬಾನೂ ಒಂದೇ ದಿನ ಬೀಳುತ್ತಂತೆ ಮೇಷ್ಟ್ರೇ. ಆಸ್ಟ್ರಿಯಾದೋರು ಬರ್ಲಿ. ವ್ಯಾನ್ ಇಲ್ದಿದ್ರೆ ಅಪ್ಪನ ಪಿಕಪ್ ಇದೆ, ಅದ್ರಲ್ಲೇ ಕರ್ಕೊಂಡ್ ಬರ್ತೀನಿ." ಎಲೆಗಳನ್ನು ಬೊಗಸೆಗೆ ತುಂಬಿಕೊಂಡು ನನ್ನ ಕಡೆ ತಿರುಗಿದರು. "ಆ ವರ್ಷ ಹಬ್ಬಕ್ಕೆ ಬನ್ನಿ ಅಂದ್ರೆ ಸಾಕು. ನಾನು ಹೇಳಿದ್ರೂ ತಪ್ಪಾಗಲ್ಲ."